ಪರಹಿತಕ್ಕೆ ಮಿಡಿದ ಹಾಡು

ಸಂಗೀತ ಕೇವಲ ಕಿವಿಯ ಹಬ್ಬವಲ್ಲ. ಅದು ಪರರ ಕಣ್ಣೀರನ್ನೂ ಒರೆಸಬಲ್ಲದು. 1971ರ ಆಗಸ್ಟ್ 1ರಂದು ಪಂಡಿತ ರವಿಶಂಕರರೂ ಜಾರ್ಜ್ ಹ್ಯಾರಿಸನ್ನರೂ ಸಂಗಡಿಗರೊಡನೆ ನ್ಯೂಯಾರ್ಕಿನಲ್ಲಿ ಬಾಂಗ್ಲಾ ನಿರಾಶ್ರಿತರಿಗಾಗಿ ಕಛೇರಿ ನಡೆಸಿದರು. ಅದರ ಧ್ವನಿಮುದ್ರಿಕೆಯ ಹಣವೂ ಯುನಿಸೆಫ್ ಸಂಸ್ಥೆಯ ಮೂಲಕ ಆ ನೆರವಿಗೇ ಮೀಸಲಾಯಿತು.

ನಮ್ಮ ಕಾರವಾರ-ಅಂಕೋಲೆಗಳ ಕರಾವಳಿಯಲ್ಲಿ ಹಾಡು ಇನ್ನೊಂದು ಬಗೆಯಲ್ಲಿ ಊರಿಗೆ ಒದಗಿಬಂದಿತು. ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಒಕ್ಕಲಿಗರ ಹೆಣ್ಣುಮಗಳು. ಶಾಲೆಯ ಓದು ಅವರಿಗೆ ದಕ್ಕಿರಲಿಲ್ಲ. ತಾಯಿಯ ಬಾಯಿಂದ ಕಲಿತ ಹಾಡುಗಳೇ ಅವರ ಗ್ರಂಥಭಂಡಾರ. ಸಾಕುಮಗನನ್ನು ಕುಡಿತ ನುಂಗಿದಾಗ ಆ ತಾಯಿ ಮೂಲೆ ಹಿಡಿದು ಕೂಡಲಿಲ್ಲ. ಊರ ಹೆಂಗಸರನ್ನು ಕೂಡಿಕೊಂಡು ಸಾರಾಯಿಯ ವಿರುದ್ಧ ಎದ್ದು ನಿಂತರು. ಹಾಡಿನಿಂದ ಬಂದ ಗೌರವ ಅವರ ಮಾತಿಗೂ ತೂಕ ತಂದಿತು.

ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಿಸಿಕೊಂಡಿತು. 2017ರಲ್ಲಿ ಪದ್ಮಶ್ರೀ ಪ್ರಶಸ್ತಿ ಅವರನ್ನು ಅರಸಿ ಬಂದಿತು. 2025ರ ಫೆಬ್ರವರಿ 13ರಂದು ಸುಕ್ರಜ್ಜಿ ತೀರಿಕೊಂಡರು.

ಬರಹಕ್ಕೆ ಇಳಿಯದ ಹಾಡು, ಹಾಡುವವರೊಡನೆಯೇ ಮಣ್ಣಾಗುವುದುಂಟು. ಧ್ವನಿಮುದ್ರಣ ಆ ನಷ್ಟವನ್ನು ತಡೆದೀತು. ಆದರೆ ಹಾಡು ಬದುಕಬೇಕಾದರೆ ಎಳೆಯ ಕೊರಳುಗಳು ಬೇಕು. ಸುಕ್ರಜ್ಜಿಯ ದನಿಯನ್ನು ನಮ್ಮ ಮನೆಯ ಮಕ್ಕಳಿಗೆ ಒಮ್ಮೆಯಾದರೂ ಕೇಳಿಸೋಣ. ಅದು ಯಾರ ನೋವಿನ ಜೊತೆಗೆ ನಿಂತ ದನಿಯೆಂಬುದನ್ನೂ ತಿಳಿಸೋಣ.