ಹಳೆಯ ಡಿಸ್ಕ್, ಹೊಸ ಗಣಕಯಂತ್ರ: ನಡುವಣ ಕಾರ್ಡಿನ ಪಾತ್ರ

ಗೋಣಿಕೊಪ್ಪಲಿನ ಕಾಫಿ, ಕರಿಮೆಣಸಿನ ವರ್ತಕರಲ್ಲಿ ಖಾತೆ ಪುಸ್ತಕಗಳ ಸ್ಥಾನವನ್ನು ಗಣಕಯಂತ್ರವು ಪಡೆದು ಬಹುಕಾಲವಾಯಿತು. ಪುಸ್ತಕವನ್ನು ಬೀರುವಿನಿಂದ ತೆಗೆದು ಯಾರೂ ಓದಬಹುದು; ಹಾರ್ಡ್ ಡಿಸ್ಕನ್ನು ಹಾಗೆ ಓದಲಾಗದು. ಯಂತ್ರ ಕೆಟ್ಟು ಡಿಸ್ಕ್ ಸುಸ್ಥಿತಿಯಲ್ಲಿದ್ದರೂ, ಅದನ್ನು ಹೊಸ ಯಂತ್ರಕ್ಕೆ ಜೋಡಿಸುವ ಮಾರ್ಗವಿಲ್ಲದೆ ಲೆಕ್ಕಪತ್ರ ಕೈಗೆಟುಕದಿರುವುದುಂಟು. ಕೇಂದ್ರ ಜಿ.ಎಸ್.ಟಿ. ಕಾಯಿದೆಯ 36ನೇ ಕಲಮಿನಂತೆ, ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಗಳನ್ನು ಉಳಿಸಿಕೊಳ್ಳತಕ್ಕದ್ದು. 2019–20ನೇ ಸಾಲಿನ ರಿಟರ್ನಿಗೆ ಆ ದಿನ 31-3-2021 ಆಗಿತ್ತು. ಆದುದರಿಂದ ಆ ಸಾಲಿನ ಲೆಕ್ಕದ ಅವಧಿ 31-3-2027ರವರೆಗೆ. ಕಂಪೆನಿಗಳಿಗಂತೂ 2013ರ ಕಾಯಿದೆಯು 8 ವರ್ಷಗಳನ್ನು ವಿಧಿಸಿದೆ.

ಯಂತ್ರದೊಳಗೆ ಸಂಸ್ಕಾರಕ, ಸ್ಮರಣೆ ಹಾಗೂ ಇತರ ಭಾಗಗಳ ನಡುವೆ ಮಾಹಿತಿ ಸಂಚರಿಸುವ ಹಾದಿಗೆ 'ಬಸ್' ಎಂದು ಹೆಸರು. ಡಿಸ್ಕು ಈ ಹಾದಿಯ ಭಾಷೆಯನ್ನು ನೇರವಾಗಿ ಆಡುವುದಿಲ್ಲ. ಹಳೆಯ ಐ.ಡಿ.ಇ. ಡಿಸ್ಕಿಗೆ 40 ಪಿನ್ನುಗಳ ಚಪ್ಪಟೆ ಕೇಬಲ್; 2003ರ ಸುಮಾರಿಗೆ ಬಂದ ಸಾಟಾ ಡಿಸ್ಕಿಗೆ ಸಣ್ಣ ಕೇಬಲ್. ಬಸ್ಸಿನ ಭಾಷೆಯನ್ನೂ ಡಿಸ್ಕಿನ ಭಾಷೆಯನ್ನೂ ಬಲ್ಲ ನಿಯಂತ್ರಕ ಚಿಪ್ ನಡುವೆ ಬೇಕು. ಅದು ಮದರ್‌ಬೋರ್ಡಿನಲ್ಲಿ ಇಲ್ಲದಿದ್ದಲ್ಲಿ, ಅದನ್ನು ಹೊತ್ತ ವಿಸ್ತರಣಾ ಕಾರ್ಡನ್ನು ಸ್ಲಾಟಿಗೆ ಸಿಕ್ಕಿಸಬಹುದು. ಹೊಸ ಯಂತ್ರಗಳಲ್ಲಿ ಐ.ಡಿ.ಇ. ಕಿಂಡಿ ಇಲ್ಲದ ಕಾರಣ, ಹಳೆಯ ಡಿಸ್ಕನ್ನು ಓದಲು ಇಂತಹ ಕಾರ್ಡೋ ಯು.ಎಸ್.ಬಿ. ಅಡಾಪ್ಟರೋ ಬೇಕಾಗುತ್ತದೆ. ಅಷ್ಟಕ್ಕೆ ಡಿಸ್ಕನ್ನೇ ಹಳೆಯ ಸಾಮಾನಿನವನಿಗೆ ಕೊಡುವುದು ದುಬಾರಿ ಅವಸರ.

ಕಾರ್ಡ್ ಕೊಳ್ಳುವ ಮುನ್ನ ಸ್ಲಾಟನ್ನು ನೋಡತಕ್ಕದ್ದು. 1992ರ ಪಿ.ಸಿ.ಐ. ಬಸ್ಸಿನಲ್ಲಿ ಸೆಕೆಂಡಿಗೆ ಗರಿಷ್ಠ 133 ಮೆಗಾಬೈಟ್ ಸಾಗಬಲ್ಲುದು, ಅದನ್ನೂ ಎಲ್ಲ ಕಾರ್ಡುಗಳು ಹಂಚಿಕೊಳ್ಳಬೇಕು. 2003ರ ಪಿ.ಸಿ.ಐ. ಎಕ್ಸ್‌ಪ್ರೆಸ್ ಪ್ರತಿಯೊಂದು ಸ್ಲಾಟಿಗೂ ತನ್ನದೇ ಹಾದಿಗಳನ್ನು ನೀಡಿತು. ಮೊದಲ ಪೀಳಿಗೆಯಲ್ಲಿ ಹಾದಿಯೊಂದಕ್ಕೆ 250 ಮೆಗಾಬೈಟ್, ಎರಡನೆಯದರಲ್ಲಿ 500, ಮೂರನೆಯದರಲ್ಲಿ ಸುಮಾರು 985. ಹಳೆಯ ಪಿ.ಸಿ.ಐ. ಕಾರ್ಡು ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರುವುದಿಲ್ಲ. ಎರಡನೆಯ ಪೀಳಿಗೆಯ ಒಂದೇ ಹಾದಿಯ ಸ್ಲಾಟಿನಲ್ಲಿ ನಾಲ್ಕು ಡಿಸ್ಕುಗಳ ಕಾರ್ಡನ್ನಿಟ್ಟರೆ ನಾಲ್ಕೂ ಆ 500ರಲ್ಲಿಯೇ ಪಾಲು ಪಡೆಯುತ್ತವೆ. ಡಿಸ್ಕಿನ ಮೇಲೆ ಬರೆದ ವೇಗವನ್ನು ನಂಬಿ ಕೊಂಡವರ ನಿರಾಶೆಗೆ ಬಹುತೇಕ ಕಾರಣ ಇದೇ.

ಎನ್.ವಿ.ಎಂ.ಇ. ಎಂಬ ಹೊಸ ಬಗೆಯ ಡಿಸ್ಕುಗಳು ಪಿ.ಸಿ.ಐ. ಎಕ್ಸ್‌ಪ್ರೆಸ್ ಭಾಷೆಯನ್ನೇ ಆಡುತ್ತವೆ. ಒಂದು ಡಿಸ್ಕಿನ ಸಾದಾ ಕಾರ್ಡು ಇಲ್ಲಿ ಕೇವಲ ತಂತಿಗಳ ಸೇತುವೆ. ಆದರೆ ಹಳೆಯ ಮದರ್‌ಬೋರ್ಡಿನ ಬಯೋಸ್ ಅಂತಹ ಡಿಸ್ಕಿನಿಂದ ಯಂತ್ರವನ್ನು ಆರಂಭಿಸಲಾರದೆ ಇರಬಹುದು. ಮಾಹಿತಿ ಇಡಲು ಮಾತ್ರ ಅದು ಉಪಯುಕ್ತ.

ಹೆಚ್ಚು ಎಚ್ಚರ ಬೇಡುವುದು ರೇಡ್ ಕಾರ್ಡು. ಎರಡು ಡಿಸ್ಕುಗಳಲ್ಲಿ ಒಂದೇ ಪ್ರತಿಯನ್ನು ಬರೆದಿಟ್ಟು, ಒಂದು ಕೆಟ್ಟರೂ ವ್ಯವಹಾರ ನಿಲ್ಲದಂತೆ ಅದು ನೋಡಿಕೊಳ್ಳುತ್ತದೆ. ಇದನ್ನು ಬ್ಯಾಕಪ್ ಎಂದು ತಿಳಿಯುವುದು ತಪ್ಪು: ಗುಮಾಸ್ತನು ಅಳಿಸಿದ ವೋಚರು ಎರಡೂ ಡಿಸ್ಕುಗಳಿಂದ ಒಟ್ಟಿಗೇ ಅಳಿಯುತ್ತದೆ. ಮೇಲಾಗಿ ಅನೇಕ ಕಾರ್ಡುಗಳು ಮಾಹಿತಿಯನ್ನು ತಮ್ಮದೇ ರೀತಿಯಲ್ಲಿ ಹಂಚಿಡುವುದರಿಂದ, ಕಾರ್ಡು ಕೆಟ್ಟರೆ ಬೇರೆ ಮಾದರಿಯ ಕಾರ್ಡು ಅದನ್ನು ಗುರುತಿಸದೆ ಇರಬಹುದು; ಡಿಸ್ಕುಗಳು ಚೆನ್ನಾಗಿದ್ದೂ ಲೆಕ್ಕ ಸಿಗದು. ಕಾರ್ಡಿನ ಮಾದರಿ ಸಂಖ್ಯೆಯನ್ನು ಬಿಲ್ಲಿನೊಡನೆ ಜೋಪಾನಿಸುವುದು ಒಳಿತು. ಜೊತೆಗೆ, ವೇಗಕ್ಕಾಗಿ ಬರಹವನ್ನು ಕ್ಷಣಕಾಲ ತನ್ನ ಸ್ಮರಣೆಯಲ್ಲಿ ಹಿಡಿದಿಡುವ ಕಾರ್ಡಿಗೆ ಬ್ಯಾಟರಿ ಇಲ್ಲದಿದ್ದರೆ, ಮಳೆಗಾಲದಲ್ಲಿ ವಿದ್ಯುತ್ ಹಠಾತ್ತನೆ ಹೋದಾಗ ಆ ನಮೂದುಗಳು ನಷ್ಟವಾಗುತ್ತವೆ. ಯು.ಪಿ.ಎಸ್. ಇಲ್ಲದ ಅಂಗಡಿಯಲ್ಲಿ ಆ ಸೌಲಭ್ಯವನ್ನು ನಿಲ್ಲಿಸಿಡುವುದೇ ಮೇಲು. ವೇಗ ಸ್ವಲ್ಪ ತಗ್ಗುತ್ತದೆ, ಅಷ್ಟೆ.