ಒತ್ತು ನುಂಗುವ ಕೀ

ನುಡಿ ತಂತ್ರಾಂಶದಲ್ಲಿ ‘ಕುರುಗೋಡು’ ಎಂದು ಟೈಪ್ ಮಾಡಲು ಎಫ್ ಕೀ ಬೇಕಾಗುವುದಿಲ್ಲ. ‘ಸಿರುಗುಪ್ಪ’ಕ್ಕೆ ಒಂದು ಸಲ ಬೇಕು, ‘ಬಳ್ಳಾರಿ’ಗೂ ಒಂದು ಸಲ ಬೇಕು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಒಂದು ವ್ಯಂಜನಕ್ಕೆ ಇನ್ನೊಂದನ್ನು ಒತ್ತಾಗಿ ಕೂಡಿಸುವ ಕೆಲಸ ಎಫ್‌ನದು. ಅದು ಕೈಕೊಟ್ಟ ಲ್ಯಾಪ್‌ಟಾಪಿನಲ್ಲಿ ಸಿರುಗುಪ್ಪ ‘ಸಿರುಗುಪಪ’ವಾಗುತ್ತದೆ, ಬಳ್ಳಾರಿ ‘ಬಳಳಾರಿ’ಯಾಗುತ್ತದೆ, ಕುರುಗೋಡು ಮಾತ್ರ ಕೂದಲೂ ಕೊಂಕದೆ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಎಫ್ ಅಷ್ಟೇನೂ ಬಳಕೆಯಿಲ್ಲದ ಅಕ್ಷರ. ಕನ್ನಡದಲ್ಲಾದರೋ ಒತ್ತಕ್ಷರವಿಲ್ಲದ ವಾಕ್ಯವನ್ನು ಹುಡುಕಿ ತೆಗೆಯಬೇಕು. ಹೀಗಾಗಿ ಅದೇ ಕೀ ಇಂಗ್ಲಿಷ್ ಇಮೇಲ್ ಬರೆಯುವಾಗ ಚೆನ್ನಾಗಿದ್ದಂತೆ ಕಂಡು, ಕನ್ನಡ ಪತ್ರ ಶುರುವಾದೊಡನೆ ಕೆಟ್ಟಂತೆ ಕಾಣುತ್ತದೆ. ‘ಒಂದೊಂದ್ಸಲ ಸರಿ ಇರುತ್ತೆ, ಒಂದೊಂದ್ಸಲ ಹಿಡ್ಕೊಳ್ಳುತ್ತೆ’ ಎಂಬ ದೂರಿನಲ್ಲಿ ಎಷ್ಟೋ ಸಲ ಬದಲಾಗಿರುವುದು ಕೀ ಅಲ್ಲ, ನಾವು ಬರೆಯುತ್ತಿರುವ ವಿಷಯ. ಬಂದು ಹೋಗುವ ದೋಷವೆಂದರೆ ಎಲ್ಲರಿಗೂ ತಲೆನೋವು. ಆದರೆ ಅದು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದರಲ್ಲೇ ಕಾರಣದ ಸುಳಿವು ಇರುತ್ತದೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅದನ್ನು ಗಮನಿಸುವವರು ಕಡಿಮೆ.

ಗಮನಿಸದಿರುವುದಕ್ಕೆ ಒಂದು ಕಾರಣವೂ ಇದೆ. ಬಳ್ಳಾರಿಯಲ್ಲಿ ಉತ್ತರ ಮೊದಲೇ ಸಿದ್ಧವಿರುತ್ತದೆ: ಧೂಳು. ಅದಿರಿನ ಧೂಳಿನಲ್ಲಿ ಕಬ್ಬಿಣವಿದೆ, ಕಬ್ಬಿಣದಲ್ಲಿ ಕರೆಂಟು ಹರಿಯುತ್ತದೆ, ಆದ್ದರಿಂದ ಕೀಗಳ ಸಂದಿಯಲ್ಲಿ ಅದು ಶಾರ್ಟ್ ಮಾಡುತ್ತದೆ ಎಂಬ ವಾದ ಕೇಳುವುದಕ್ಕೆ ಸೊಗಸಾಗಿದೆ. ಆದರೆ ಸಂಡೂರು ಸೀಮೆಯಿಂದ ಲಾರಿಗಳಲ್ಲಿ ಇಳಿದು ಬರುವ ಕೆಂಪು ಪುಡಿ ಮುಖ್ಯವಾಗಿ ಹೆಮಟೈಟ್. ಅದು ಕಬ್ಬಿಣವಲ್ಲ, ಕಬ್ಬಿಣದ ಆಕ್ಸೈಡು, ತುಕ್ಕಿನ ಹತ್ತಿರದ ನಂಟು. ವಿದ್ಯುತ್ತಿಗೆ ಅದು ಬಹಳ ಕೆಟ್ಟ ದಾರಿ. ಅಯಸ್ಕಾಂತಕ್ಕೂ ಅಷ್ಟಾಗಿ ಅಂಟುವುದಿಲ್ಲ. ಮೇಲಾಗಿ ಕೀಗಳ ವಿದ್ಯುತ್ ಸಂಪರ್ಕ ಧೂಳಿನ ಕೈಗೆ ಸಿಗುವ ಜಾಗದಲ್ಲಿಲ್ಲ. ಟೋಪಿಯ ಕೆಳಗೆ ಕತ್ತರಿಯಂತೆ ಮಡಚುವ ಪ್ಲಾಸ್ಟಿಕ್ ಕಾಲುಗಳು, ಅದರ ನಡುವೆ ಒಂದು ರಬ್ಬರ್ ಬಟ್ಟಲು, ಅದರ ಅಡಿಯಲ್ಲಿ ಮೂರು ಪ್ಲಾಸ್ಟಿಕ್ ಹಾಳೆಗಳು. ನಡುವಿನ ಹಾಳೆಯ ತೂತಿನ ಮೂಲಕ ಮೇಲಿನದೂ ಕೆಳಗಿನದೂ ಮುಟ್ಟಿದಾಗ ಮಾತ್ರ ಸಂಕೇತ ಹೋಗುತ್ತದೆ. ಹಾಳೆಗಳನ್ನು ಒಂದಕ್ಕೊಂದು ಬೆಸೆದಿರುವುದರಿಂದ ಅವುಗಳ ನಡುವೆ ಧೂಳು ನುಗ್ಗುವುದು ಸುಲಭವಲ್ಲ. ಧೂಳು ತಡೆಯುವುದು ಕತ್ತರಿ ಕಾಲುಗಳ ಚಲನೆಯನ್ನು, ಮತ್ತು ಆ ತಡೆ ಬೆರಳಿಗೆ ಗೊತ್ತಾಗುತ್ತದೆ. ಕೀ ಅರ್ಧಕ್ಕೇ ನಿಂತಿತೇ, ಒತ್ತಿದ ಮೇಲೆ ಮೇಲೇಳಲು ತಡವಾಯಿತೇ, ಕರಕರ ಎಂದಿತೇ? ಹಾಗಿದ್ದರೆ ಧೂಳನ್ನೇ ದೂರಿ. ಆಗಲೂ ಎಲ್ಲ ಧೂಳೂ ಒಂದೇ ಅಲ್ಲ. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಹತ್ತಿಯ ಎಳೆ ಕತ್ತರಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಸಿರುಗುಪ್ಪದ ರೈಸ್ ಮಿಲ್ಲುಗಳ ತೌಡಿನಲ್ಲಿ ಎಣ್ಣೆಯಿರುವುದರಿಂದ ಅದರ ಪುಡಿ ಊದಿದರೆ ಹಾರುವುದಿಲ್ಲ, ಮೆತ್ತಿಕೊಳ್ಳುತ್ತದೆ. ‘ಆಪಲ್ ಕಂಪನಿಯ ಕೀಬೋರ್ಡೇ ಧೂಳಿಗೆ ಸೋಲಲಿಲ್ಲವೇ?’ ಎಂದು ಯಾರಾದರೂ ಕೇಳಿಯಾರು. ಸೋತಿತು, ನಿಜ. 2015ರಲ್ಲಿ ಅದು ತಂದ ‘ಬಟರ್‌ಫ್ಲೈ’ ಕೀಗಳು ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಕೆಳಗಿಳಿಯುತ್ತಿದ್ದವು. ಒಂದು ಕಣ ಸಿಕ್ಕಿದರೂ ಅಟಕಾಯಿಸುತ್ತಿದ್ದವು. 2018ರಲ್ಲಿ ಕಂಪನಿ ಉಚಿತ ರಿಪೇರಿ ಶುರುಮಾಡಿ, 2019ರ ಕೊನೆಯಲ್ಲಿ ಮತ್ತೆ ಕತ್ತರಿ ಕಾಲಿಗೇ ಮರಳಿತು. ಅಲ್ಲಿಯೂ ಧೂಳು ಮಾಡಿದ್ದು ಅಡ್ಡಗಾಲು ಹಾಕುವ ಕೆಲಸವನ್ನು, ಶಾರ್ಟ್ ಅಲ್ಲ.

ಬೆರಳಿಗೆ ಏನೂ ವ್ಯತ್ಯಾಸ ತಿಳಿಯದೆ ಅಕ್ಷರ ಮಾತ್ರ ತಪ್ಪುತ್ತಿದ್ದರೆ, ಅಥವಾ ಮುಟ್ಟದೆಯೂ ತಾನಾಗಿ ಮೂಡುತ್ತಿದ್ದರೆ, ನಿಜವಾದ ಕತೆ ಆ ಮೂರು ಹಾಳೆಗಳಲ್ಲಿದೆ. ಅವುಗಳ ಮೇಲಿನ ಗೆರೆಗಳನ್ನು ಸಾಮಾನ್ಯವಾಗಿ ಬೆಳ್ಳಿಯ ಪುಡಿ ಬೆರೆಸಿದ ಶಾಯಿಯಲ್ಲಿ ಅಚ್ಚು ಹಾಕಿರುತ್ತಾರೆ. ಬೆಳ್ಳಿಗೆ ಒಂದು ವಿಚಿತ್ರ ಚಟವಿದೆ. ಹತ್ತಿರ ಹತ್ತಿರದ ಎರಡು ಗೆರೆಗಳ ನಡುವೆ ತೇವವೂ ಇದ್ದು, ವೋಲ್ಟೇಜೂ ಇದ್ದರೆ, ಧನ ಗೆರೆಯ ಬೆಳ್ಳಿ ಅಯಾನುಗಳಾಗಿ ಕರಗಿ ಋಣ ಗೆರೆಯತ್ತ ಸಾಗುತ್ತದೆ. ಅಲ್ಲಿ ಮತ್ತೆ ಲೋಹವಾಗಿ ಕೂತು, ಬೇರಿನ ಹಾಗೆ ಕವಲೊಡೆಯುತ್ತಾ ತಾನು ಹೊರಟ ಗೆರೆಯ ಕಡೆಗೇ ಬೆಳೆಯತೊಡಗುತ್ತದೆ. ದೂರವಾಣಿ ಉಪಕರಣಗಳನ್ನು ಕಾಡಿದ ಈ ಬೆಳ್ಳಿಯ ವಲಸೆಯ ಬಗ್ಗೆ ಬೆಲ್ ಪ್ರಯೋಗಾಲಯದವರು 1955ರಲ್ಲೇ ವಿವರವಾಗಿ ಬರೆದಿದ್ದರು. ಕೀಬೋರ್ಡಿನೊಳಗೆ ಇದಕ್ಕೆ ಬೇಕಾದ ತೇವವನ್ನು ಒದಗಿಸುವುದು ಬಹುಮಟ್ಟಿಗೆ ಚಹಾ. ಧೂಳು ಹೋಗಲಾರದ ಕಡೆಗೂ ಚೆಲ್ಲಿದ ಚಹಾ ಹಾಳೆಗಳ ಅಂಚಿನಿಂದ ಹೀರಿಕೊಂಡು ಹೋಗುತ್ತದೆ. ನೀರು ಆರಿದರೂ ಸಕ್ಕರೆ ಉಳಿಯುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟಿ ಗಾಳಿ ಒಣಗಿದ್ದಾಗ, ಆ ಪಾಕ ಗಾಜಿನಂತೆ ಗಟ್ಟಿಯಾಗಿ ಸುಮ್ಮನಿರುತ್ತದೆ. ಆಗಸ್ಟ್-ಸೆಪ್ಟೆಂಬರ್‌ನ ಮೋಡದ ದಿನಗಳಲ್ಲಿ ಗಾಳಿಯ ತೇವ ಹೀರಿ ಮತ್ತೆ ಅಂಟಾಗುತ್ತದೆ, ಬೆಳ್ಳಿಗೂ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಚೆಲ್ಲಿದ್ದನ್ನು ಎಲ್ಲರೂ ಮರೆತ ಮೇಲೆ, ಮಳೆಗಾಲದಲ್ಲಿ ಕೀ ‘ಸುಮ್‌ಸುಮ್ಮನೆ’ ಕೆಡುವುದು ಹೀಗೆ. ಇನ್ನೊಂದು ಸುಳಿವೂ ಇದೆ: ಪ್ರತಿ ಕೀಗೂ ಬೇರೆ ತಂತಿ ಇರುವುದಿಲ್ಲ, ಅಡ್ಡ-ಉದ್ದ ಗೆರೆಗಳ ಜಾಲದಲ್ಲಿ ಒಂದೇ ಗೆರೆಯನ್ನು ಹಲವು ಕೀಗಳು ಹಂಚಿಕೊಳ್ಳುತ್ತವೆ. ಎಫ್ ಜೊತೆಗೆ ಎಲ್ಲೋ ದೂರದ ಇನ್ನೆರಡು ಕೀಗಳೂ ಆಗಾಗ ತಪ್ಪುತ್ತಿದ್ದರೆ ಕೆಟ್ಟಿರುವುದು ಗೆರೆ. ಎಫ್‌ನ ಟೋಪಿ ಕಿತ್ತು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ. ಅಂದಹಾಗೆ ಅಂಗಡಿಗಳಲ್ಲಿ ಎಲ್ಲಕ್ಕೂ ಬಳಸುವ ಐಸೊಪ್ರೊಪೈಲ್ ಸ್ಪಿರಿಟ್ಟಿನಲ್ಲಿ ಸಕ್ಕರೆ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತದೆ. ಯಂತ್ರ ಆರಿಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮೊದಲು ಒರೆಸಿ, ಸ್ಪಿರಿಟ್ಟನ್ನು ಆಮೇಲೆ ಒಣಗಿಸಲು ಬಳಸಬೇಕು.

‘ಬ್ಲೋವರ್ ಹಿಡಿದ ಮೇಲೆ ಸರಿಹೋಯಿತಲ್ಲ?’ ಎಂಬ ಆಕ್ಷೇಪಕ್ಕೆ ಬೆಲೆ ಕಡಿಮೆ. ತಾನಾಗಿ ಬಂದು ಹೋಗುವ ದೋಷಕ್ಕೆ ಏನೇ ಮಾಡಿದರೂ ಆಮೇಲೆ ಅದು ಒಮ್ಮೆ ಹೋಗಿಯೇ ಹೋಗುತ್ತದೆ. ಊದಿದ್ದಕ್ಕೆ ಸಿಕ್ಕಿದ ಕೀರ್ತಿ ನಿಂಬೆಹಣ್ಣು ನಿವಾಳಿಸಿದ್ದಕ್ಕೂ ಅಷ್ಟೇ ಸಲೀಸಾಗಿ ಸಿಗುತ್ತದೆ. ಆಯುಧಪೂಜೆಯ ದಿನ ತೆರೆದ ಕೀಬೋರ್ಡಿನ ಮೇಲೆ ಅರಿಶಿನ ಕುಂಕುಮ ಉದುರಿಸಿ, ಗಂಧದ ಬೊಟ್ಟಿಟ್ಟು, ವಾರದ ಮೇಲೆ ಅದಿರಿನ ಲಾರಿಗಳನ್ನು ಬೈಯುವವರೂ ಇದ್ದಾರೆ. ಪೂಜೆ ಬೇಡವೆನ್ನುತ್ತಿಲ್ಲ, ಮುಚ್ಚಿಟ್ಟು ಮಾಡಿ. ಇನ್ನು ಕೆಲವು ಸಲ ಕೀಗೆ ಏನೂ ಆಗಿರುವುದೇ ಇಲ್ಲ. ವಿಂಡೋಸ್‌ನಲ್ಲಿ ಬಲಗಡೆಯ ಶಿಫ್ಟ್ ಕೀಯನ್ನು 8 ಸೆಕೆಂಡು ಒತ್ತಿ ಹಿಡಿದರೆ ‘ಫಿಲ್ಟರ್ ಕೀಸ್’ ಎಂಬ ಸೌಲಭ್ಯ ಶುರುವಾಗುತ್ತದೆ. ನಡುಗುವ ಕೈಗಳಿಗೆ ನೆರವಾಗಲೆಂದು ಅದು ಚುಟುಕು ಒತ್ತುಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಳ, ಣ, ಆ ಎಂದೆಲ್ಲ ಪದೇ ಪದೇ ಶಿಫ್ಟ್ ಒತ್ತುವ ಕನ್ನಡದ ಬೆರಳು ಯೋಚಿಸುತ್ತಾ ಅದರ ಮೇಲೇ ಕೂತುಬಿಡುವುದು ಸಹಜ. ಪರೀಕ್ಷೆ ಸುಲಭ: ಯಂತ್ರ ಶುರುವಾಗುವಾಗ ಸಿಗುವ ಬಯೋಸ್ ಪರದೆಗೆ ಹೋಗಿ, ಬರೆಯಲು ಜಾಗವಿದ್ದಲ್ಲಿ ಆ ಕೀ ಒತ್ತಿ ನೋಡಿ. ಅಲ್ಲಿ ವಿಂಡೋಸೂ ಇಲ್ಲ, ನುಡಿಯೂ ಇಲ್ಲ. ಅಲ್ಲಿಯೂ ತಪ್ಪಿದರೆ ದೋಷ ಯಂತ್ರದ್ದು.

‘ಇಷ್ಟೆಲ್ಲ ಪತ್ತೇದಾರಿ ಯಾಕೆ, ಕೀಬೋರ್ಡನ್ನೇ ಬದಲಾಯಿಸಿದರಾಯಿತು’ ಎನ್ನುವವರಿಗೆ ಉತ್ತರ ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿದೆ. ಈಗಿನ ಹಲವು ಮಾದರಿಗಳಲ್ಲಿ ಕೀಬೋರ್ಡನ್ನು ಮೇಲ್ಭಾಗದ ಚೌಕಟ್ಟಿಗೇ ಬೆಸೆದಿರುತ್ತಾರೆ, ಖರ್ಚು ಸಣ್ಣದಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಳಗಿನ ಲಿಥಿಯಂ ಬ್ಯಾಟರಿ ಉಬ್ಬಿ ಮೇಲಕ್ಕೆ ತಳ್ಳುತ್ತಿದ್ದರೆ ಹೊಸ ಕೀಬೋರ್ಡೂ ಅದೇ ಹಾಡು ಹಾಡುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ, ತಗಡಿನ ಛಾವಣಿಯ ಅಂಗಡಿಯಲ್ಲಿ ದಿನವಿಡೀ ಚಾರ್ಜಿಗೆ ಹಾಕಿಟ್ಟ ಬ್ಯಾಟರಿಗಳಿಗೆ ಈ ಅಪಾಯ ಹೆಚ್ಚು. ಮುಚ್ಚಿದ ಲ್ಯಾಪ್‌ಟಾಪನ್ನು ಸಮನಾದ ಮೇಜಿನ ಮೇಲಿಟ್ಟಾಗ ಅಲುಗಾಡುತ್ತದೆಯೇ, ಟಚ್‌ಪ್ಯಾಡ್ ಒತ್ತಲು ಬಿಗಿಯಾಗಿದೆಯೇ, ನಡುವಿನ ಕೀಗಳು ಅಂಚಿನವಕ್ಕಿಂತ ಎತ್ತರಕ್ಕೆ ಬಂದಿವೆಯೇ ನೋಡಿ. ಹೌದಾದರೆ ಚಾರ್ಜರ್ ಕಿತ್ತು, ಯಂತ್ರ ಆರಿಸಿ, ಉಬ್ಬನ್ನು ಒತ್ತದೆ, ಚುಚ್ಚದೆ ನೇರವಾಗಿ ರಿಪೇರಿಯವರಿಗೆ ಒಪ್ಪಿಸಿ. ಎಫ್ ಕೀಯ ವಿಚಾರವನ್ನು ಬ್ಯಾಟರಿ ಹೊರಬಂದ ಮೇಲೆ ನೋಡಿಕೊಳ್ಳಬಹುದು.