ಎರಡನೆಯ ಅಲಗು

ಇಂದಿನ ಮಾತಿಗೆ ನಾನು ಆರಿಸಿಕೊಂಡಿರುವ ವಸ್ತು ಬಹು ಚಿಕ್ಕದು; ಅಂಗಿಯ ಕಿಸೆಯಲ್ಲಿ ಅಡಗುವಷ್ಟು ಚಿಕ್ಕದು. ಎರಡು ಅಲಗುಗಳುಳ್ಳ, ಮಡಿಸುವ, ಹಳೆಯ ಮಾದರಿಯ ಚಾಕುವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ. ಸಾಹಿತ್ಯದಲ್ಲಿ ಒಲವುಳ್ಳವರಿಗೆ ಚಾಕುವಿನ ಗೊಡವೆ ಏಕೆ ಎಂದು ತಾವು ಕೇಳಬಹುದು. ಬರವಣಿಗೆಗೂ ಚಾಕುವಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಇಂಗ್ಲಿಷಿನಲ್ಲಿ ಚಿಕ್ಕ ಕಿಸೆಚಾಕುವಿಗೆ ಇಂದಿಗೂ 'ಪೆನ್ ನೈಫ್' ಎಂದು ಹೆಸರು. ಹಕ್ಕಿಯ ಗರಿಯನ್ನು ಹೆರೆದು ಲೇಖನಿ ಮಾಡಿಕೊಳ್ಳುತ್ತಿದ್ದ ಕಾಲದ ಗುರುತು ಅದು. ನಮ್ಮ ದಕ್ಷಿಣ ದೇಶದಲ್ಲಿಯೂ ತಾಳೆಗರಿಯ ಮೇಲೆ ಬರೆಯುವ ಕಂಟ ಮತ್ತು ಗರಿಯನ್ನು ಹದಮಾಡುವ ಅಲಗು, ಇವೆರಡೂ ಒಂದೇ ಹಿಡಿಯೊಳಕ್ಕೆ ಮಡಿಸಿಕೊಳ್ಳುವಂತಹ ಸಾಧನಗಳಿದ್ದವು.

ಈಚೆಗೆ, ಚಿತ್ರಕಲೆಯನ್ನು ಕಲಿಯುತ್ತಿರುವ ನನ್ನ ಮೊಮ್ಮಗಳು, "ತಾತ, ಪೆನ್ಸಿಲ್ ಹೆರೆಯಲು, ಕಾಗದ ಕೊಯ್ಯಲು ಒಂದು ಒಳ್ಳೆಯ ಚಾಕು ಬೇಕು. ಎಂಥದನ್ನು ಕೊಳ್ಳಲಿ?" ಎಂದು ಕೇಳಿದಳು. ಉತ್ತರ ಹೇಳುವುದಕ್ಕೆ ಮೊದಲು ನನಗೆ ನೆನಪಾದದ್ದು ನನ್ನ ತಂದೆಯವರ ಚಾಕು.

ತಂದೆಯವರು ಶಾಲೆಯ ಉಪಾಧ್ಯಾಯರು. ಕೋಡಿನ ಹಿಡಿಯ, ಎರಡು ಅಲಗಿನ ಒಂದು ಚಾಕು ಅವರ ಕೋಟಿನ ಕಿಸೆಯಲ್ಲಿ ಸದಾ ಇರುತ್ತಿತ್ತು. ಅಲಗಿನ ಬುಡದಲ್ಲಿ 'ಶೆಫೀಲ್ಡ್' ಎಂಬ ಮುದ್ರೆ ಇತ್ತು. ದೊಡ್ಡ ಅಲಗಿನ ಅಂಚು ಮೊನೆಯ ಕಡೆಗೆ ಬಾಗಿತ್ತು. ಹಣ್ಣು ಹೆಚ್ಚುವುದು, ಹುರಿ ಕತ್ತರಿಸುವುದು ಅದರ ಪಾಲಿಗೆ. ಚಿಕ್ಕ ಅಲಗಿನ ಅಂಚು ಗೆರೆ ಎಳೆದ ಹಾಗೆ ನೇರ. ಪೆನ್ಸಿಲ್ಲು, ಲಕೋಟೆ, ಅಳತೆಪಟ್ಟಿಗೆ ಒತ್ತಿ ಕೊಯ್ಯುವ ಕಾಗದ, ಇವಕ್ಕಲ್ಲದೆ ಬೇರೆ ಯಾವುದಕ್ಕೂ ಅವರು ಅದನ್ನು ಬಿಡಿಸುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಓದುತ್ತಿದ್ದಾಗ, ಅವರಿಗೆ ಸಂತೋಷವಾಗಲೆಂದು, ನಾನು ಆ ಎರಡು ಅಲಗುಗಳನ್ನೂ ಹಿತ್ತಿಲಿನ ಸಾಣೆಕಲ್ಲಿನ ಮೇಲೆ ಮನಸಾರೆ ಮಸೆದೆ. ಆ ಕಲ್ಲು ಕುಡುಗೋಲುಗಳನ್ನು ಮಸೆದು ಮಸೆದು ನಡುವೆ ದೊನ್ನೆಯಂತೆ ಗುಳಿಬಿದ್ದಿತ್ತು. ಸಂಜೆ ತಂದೆಯವರು ಚಿಕ್ಕ ಅಲಗನ್ನು ಬಿಡಿಸಿ, ಅಳತೆಪಟ್ಟಿಯ ಮೇಲೆ ಇಟ್ಟು ನೋಡಿದರು. ಅಂಚು ನಡುವೆ ಉಬ್ಬಿ, ಅಲಗು ತೊಟ್ಟಿಲಿನಂತೆ ತೂಗಿತು. ಅವರು ಸಿಟ್ಟಾಗಲಿಲ್ಲ. "ಇನ್ನು ಎರಡೂ ಒಂದೇ ಕೆಲಸ ಮಾಡುತ್ತವೆ" ಎಂದಷ್ಟೇ ಹೇಳಿ ಮಡಿಸಿ ಕಿಸೆಯಲ್ಲಿಟ್ಟುಕೊಂಡರು. ಎರಡಲಗಿನ ಚಾಕುವನ್ನು ಕುರಿತು ತಿಳಿಯಬೇಕಾದದ್ದೆಲ್ಲ ಆ ಒಂದು ಮಾತಿನಲ್ಲಿದೆ ಎಂದು ನನಗೆ ಅರ್ಥವಾಗಲು ಬಹಳ ವರ್ಷಗಳು ಬೇಕಾದವು.

ಬಾಗಿದ ಅಂಚು ಎಳೆದು ಕೊಯ್ಯುವುದಕ್ಕೆ ತಕ್ಕದ್ದು. ಎಳೆದಂತೆಲ್ಲ ಅದರ ಉಬ್ಬು ವಸ್ತುವಿನೊಳಕ್ಕೆ ಇಳಿಯುತ್ತ ಹೋಗುತ್ತದೆ. ಆದರೆ ಸಮತಟ್ಟಾದ ಹಲಗೆಯ ಮೇಲೆ ಅದು ತಗಲುವುದು ಒಂದು ಬಿಂದುವಿನಲ್ಲಿ ಮಾತ್ರ. ಮೊನೆ ತಗಲಬೇಕಾದರೆ ಮಣಿಕಟ್ಟನ್ನು ಮೇಲೆತ್ತಬೇಕು. ನೇರವಾದ ಅಂಚು ಹಾಗಲ್ಲ. ಬುಡದಿಂದ ಮೊನೆಯವರೆಗೆ ಅದು ಏಕಕಾಲದಲ್ಲಿ ಹಲಗೆಯನ್ನು ಮುಟ್ಟುತ್ತದೆ. ಕೈಯನ್ನು ತುಸುವೇ ಎತ್ತಿದರೆ ಸಾಕು, ಒತ್ತಡವೆಲ್ಲ ಮೊನೆಯಲ್ಲಿ ಸೇರುತ್ತದೆ. ಕಾಗದವನ್ನು ಗೆರೆ ತಪ್ಪದೆ ಕೊಯ್ಯಲು, ಪೆನ್ಸಿಲ್ಲಿನ ಮರವನ್ನು ಸಮನಾಗಿ ಹೆರೆಯಲು, ಕಸಿ ಕಟ್ಟುವ ಕಡ್ಡಿಗೆ ಚಪ್ಪಟೆಯಾದ ಗಾಯ ಮಾಡಲು ಇಂತಹ ಅಂಚೇ ಬೇಕು.

ನೇರ ಅಂಚಿನ ಅಲಗುಗಳಲ್ಲಿ ಮುಖ್ಯವಾದವು ಎರಡು. ಒಂದು 'ಶೀಪ್ಸ್‌ಫುಟ್', ಎಂದರೆ ಕುರಿಯ ಪಾದ. ಇದರ ಬೆನ್ನು ಕೊನೆಯವರೆಗೆ ನೇರವಾಗಿ ಬಂದು, ಅಲ್ಲಿ ಥಟ್ಟನೆ ಅಂಚಿನ ಕಡೆಗೆ ಇಳಿಯುತ್ತದೆ, ಮೂತಿ ಮೊಂಡು. ಹಗ್ಗವನ್ನು ಕತ್ತರಿಸುವ ನಾವಿಕರಿಗೆ ಇದು ಮೆಚ್ಚಿನದು. ತೂಗಾಡುವ ಹಡಗಿನಲ್ಲಿ ಕೈಜಾರಿದರೂ ಚುಚ್ಚುವ ಭಯ ಕಡಿಮೆ. ಇನ್ನೊಂದು 'ವಾರ್ನ್‌ಕ್ಲಿಫ್'. ಇದರ ಬೆನ್ನು ಹಿಂದಿನಿಂದಲೇ ಮೆಲ್ಲಗೆ ಇಳಿಯುತ್ತ ಬಂದು ಚೂಪಾದ ಮೊನೆಯಲ್ಲಿ ಮುಗಿಯುತ್ತದೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಾರ್ಖಾನೆಯ ಪೋಷಕನಾಗಿದ್ದ ವಾರ್ನ್‌ಕ್ಲಿಫ್ ಪ್ರಭು, 19ನೆಯ ಶತಮಾನದ ಮೊದಲ ಭಾಗದಲ್ಲಿ, ಒಂದು ದಿನ ಊಟವಾದ ಮೇಲೆ ಬಂಧುವೊಬ್ಬನೊಡನೆ ಕುಳಿತು, ಹೊಸ ಮಾದರಿಯ ಚಾಕುಗಳೇ ಬರುತ್ತಿಲ್ಲವಲ್ಲ ಎಂದು ಮಾತನಾಡುತ್ತ ಇದನ್ನು ರೂಪಿಸಿದನೆಂದು ಪ್ರತೀತಿ. ಹಗ್ಗ, ತೊಗಲು, ಮರ ಇವುಗಳ ಕೆಲಸ ಹೆಚ್ಚಾಗಿರುವವರು ಮೊದಲನೆಯದನ್ನೂ, ಕಾಗದ ಮತ್ತು ಪೆನ್ಸಿಲ್ಲಿನ ಕೆಲಸದವರು ಎರಡನೆಯದನ್ನೂ ಆರಿಸಿಕೊಳ್ಳುವುದು ಒಳ್ಳೆಯದು. ದೊಡ್ಡ ಅಲಗು ಬಾಗಿದ್ದು, ಚಿಕ್ಕದು ನೇರವಾಗಿದ್ದರೆ ಒಂದೇ ಹಿಡಿಯಲ್ಲಿ ಎರಡು ಚಾಕುಗಳಿದ್ದಂತೆ. ಎರಡೂ ಬಾಗಿದ್ದರೆ, ಒಂದೇ ಚಾಕುವನ್ನು ಎರಡು ಸಲ ಕೊಂಡಂತೆ.

ಇನ್ನು ಅಂಗಡಿಯಲ್ಲಿ ನೋಡಬೇಕಾದದ್ದು. ಚಿಕ್ಕ ಅಲಗಿನ ಅಂಚನ್ನು ಗಾಜಿನ ಮೇಲೆ ಮೆಲ್ಲಗೆ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಇಣುಕಿದರೆ ಅಂಚು ಒಳಕ್ಕೆ ಬಾಗಿದೆ. ಅಲಗು ತೂಗಿದರೆ ಹೊರಕ್ಕೆ ಉಬ್ಬಿದೆ. ಅಂಚಿನ ಬುಡದಲ್ಲಿ, ಮಸೆಯದೆ ಬಿಟ್ಟ ಉಕ್ಕಿನ ಗಂಟೊಂದಿರುತ್ತದೆ. ಅದು ಅಂಚಿನ ಗೆರೆಗಿಂತ ಕೆಳಕ್ಕೆ ಚಾಚಿದ್ದು, ನಡುವೆ ಚಿಕ್ಕದೊಂದು ಕಚ್ಚೂ ಇಲ್ಲದಿದ್ದರೆ, ಸಾಣೆಯ ಕಲ್ಲು ಬುಡವನ್ನು ಎಂದಿಗೂ ಮುಟ್ಟುವುದಿಲ್ಲ. ವರ್ಷಗಳು ಕಳೆದಂತೆ ಅಂಚು ಕೆಡುತ್ತದೆ. ಬಿಡಿಸಿದ ಅಲಗು ಅಕ್ಕಪಕ್ಕಕ್ಕೆ ಅಲ್ಲಾಡಬಾರದು. ಹಿಡಿಯ ಬೆನ್ನಿನಲ್ಲಿರುವ ಸ್ಪ್ರಿಂಗು ಅಲಗನ್ನು ಸೆಳೆದು ಕೂರಿಸುವಾಗ ಖಚಿತವಾದ ಸಪ್ಪಳ ಕೇಳಿಸಬೇಕು. ಆದರೆ ಮುಚ್ಚುವಾಗ ಆ ಸಪ್ಪಳದ ಆಸೆಗೆ ಅಲಗನ್ನು ಕೈಬಿಡಬೇಡಿ. ಹರಿತವಾದ ಅಂಚು ಒಳಗಿನ ಸ್ಪ್ರಿಂಗಿಗೆ ಬಡಿದು ಮೊಂಡಾಗಬಹುದು. ನೇರ ಅಲಗಿನ ಇನ್ನೊಂದು ಗುಣವೆಂದರೆ, ಮೊನೆ ಅಂಚಿನ ನೇರದಲ್ಲಿಯೇ ಇರುವುದರಿಂದ, ಮುಚ್ಚಿದಾಗ ಅದು ಹಿಡಿಯೊಳಗೆ ಆಳವಾಗಿ ಹುದುಗುತ್ತದೆ, ಕಿಸೆಯನ್ನು ಹರಿಯುವುದಿಲ್ಲ.

ಎಚ್ಚರಿಕೆಯ ಒಂದು ಮಾತನ್ನೂ ಹೇಳಬೇಕು. ಈ ಹಳೆಯ ಮಾದರಿಯ ಚಾಕುಗಳಿಗೆ ಬೀಗವಿಲ್ಲ. ಅಲಗನ್ನು ಹಿಡಿದಿರುವುದು ಸ್ಪ್ರಿಂಗಿನ ಬಲ ಮಾತ್ರ. ಅಂಚಿನಿಂದ ಒತ್ತಿ ಕೊಯ್ಯುವಾಗ ಅಲಗು ತೆರೆದೇ ಇರುತ್ತದೆ. ಮೊನೆಯಿಂದ ಚುಚ್ಚಹೊರಟರೆ, ಆ ಮೊನೆ ಅಲಗು ತಿರುಗುವ ಗೂಟಕ್ಕಿಂತ ಕೆಳಗಿರುವುದರಿಂದ, ಅಲಗು ಬೆರಳಿನ ಮೇಲೆಯೇ ಮಡಿಸಿಕೊಳ್ಳಬಹುದು. ಇದು ಕೊಯ್ಯುವ ಸಾಧನ, ಇರಿಯುವ ಸಾಧನವಲ್ಲ.

ಉಕ್ಕಿನಲ್ಲಿ ಎರಡು ದಾರಿಗಳುಂಟು. ಹಳೆಯ ಕಾರ್ಬನ್ ಉಕ್ಕು ಸುಲಭವಾಗಿ ಹರಿತವಾಗುತ್ತದೆ. ಆದರೆ ನಿಂಬೆ, ಮಾವುಗಳ ಹುಳಿಗೆ ಕಪ್ಪಾಗುತ್ತದೆ, ಒರಸದಿದ್ದರೆ ತುಕ್ಕು ಹಿಡಿಯುತ್ತದೆ. ತುಕ್ಕನ್ನು ತಡೆಯುವ ಸ್ಟೇನ್‌ಲೆಸ್ ಉಕ್ಕನ್ನು ಹ್ಯಾರಿ ಬ್ರಿಯರ್ಲಿ 1913ರಲ್ಲಿ ಎರಕ ಹೊಯ್ಸಿದ್ದು ಅದೇ ಶೆಫೀಲ್ಡಿನಲ್ಲಿ. ಒರಸಿ ಎಣ್ಣೆ ಸವರುವ ಅಭ್ಯಾಸವುಳ್ಳವರು ಮೊದಲನೆಯದನ್ನು ಕೊಳ್ಳಲಿ. ಉಳಿದವರಿಗೆ ಎರಡನೆಯದೇ ಕ್ಷೇಮ. ಉಕ್ಕಿನ ಮಾತು ಬಂದಾಗ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿದೆ. ಭಾರತದ ಮೂಸೆ ಉಕ್ಕಿಗೆ ಯುರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಯಿತು. ಅದು ನಮ್ಮ 'ಉಕ್ಕು' ಎಂಬ ಪದದಿಂದ ಬಂದದ್ದೆಂದು ಅನೇಕ ವಿದ್ವಾಂಸರ ಅಭಿಪ್ರಾಯ. 1794ರಲ್ಲಿ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ಮುಂಬಯಿಯಿಂದ ಅದರ ಮಾದರಿಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದನು. ಆ ಉಕ್ಕನ್ನು ಪರೀಕ್ಷಿಸಲೆಂದು ಜೇಮ್ಸ್ ಸ್ಟೋಡಾರ್ಟ್ ಎಂಬ ಕುಶಲಕರ್ಮಿ ಅಲ್ಲಿ ತಟ್ಟಿ ಮಾಡಿದ್ದು ಖಡ್ಗವನ್ನಲ್ಲ. ಒಂದು ಪೆನ್ ನೈಫನ್ನು.

ಕೊಂಡ ಮೇಲೆ ಕಾಪಾಡುವುದೇ ದೊಡ್ಡ ಕೆಲಸ. ನೇರ ಅಂಚನ್ನು ಮಸೆಯುವುದು ಎಲ್ಲಕ್ಕಿಂತ ಸುಲಭ, ಏಕೆಂದರೆ ಎಲ್ಲಿಯೂ ಕೈಯನ್ನು ತಿರುಗಿಸಬೇಕಾಗಿಲ್ಲ. ಒಂದೇ ಓರೆಯಲ್ಲಿ ಬುಡದಿಂದ ಮೊನೆಯವರೆಗೆ ಎಳೆದರಾಯಿತು. ಆದರೆ ಕಲ್ಲು ಸಮತಟ್ಟಾಗಿರಬೇಕು. ಗುಳಿಬಿದ್ದ ಕಲ್ಲು ತನ್ನ ಗುಳಿಯ ರೂಪವನ್ನೇ ಅಂಚಿಗೆ ಉಬ್ಬಾಗಿ ಕೊಡುತ್ತದೆ. ನಾನು ಬಾಲ್ಯದಲ್ಲಿ ಮಾಡಿದ ತಪ್ಪು ಇದೇ.

ತಂದೆಯವರ ಚಾಕು ಈಗ ನನ್ನ ಬಳಿ ಇದೆ. ಮೊಮ್ಮಗಳು ಕೇಳಿದ ಮೇಲೆ ಅದನ್ನು ಹೊರತೆಗೆದೆ. ಮೊದಲು ಸಾಣೆಯ ಕಲ್ಲನ್ನು ಒದ್ದೆ ಮರಳು ಹಾಕಿದ ಚಪ್ಪಡಿಯ ಮೇಲೆ ತಿಕ್ಕಿ ಸಮಮಾಡಿದೆ. ಆಮೇಲೆ ನಾಲ್ಕು ದಿನ, ಬೆಳಿಗ್ಗೆ ಸ್ವಲ್ಪ ಸ್ವಲ್ಪವಾಗಿ ಆ ಚಿಕ್ಕ ಅಲಗನ್ನು ಮಸೆದೆ. ಅಲಗಿನ ಅಗಲ ಒಂದು ನೂಲಿನಷ್ಟು ಕಡಿಮೆಯಾಯಿತು. ಅಂಚು ಮತ್ತೆ ನೇರವಾಯಿತು. ತೋರಿಸೋಣವೆಂದರೆ ತಂದೆಯವರಿಲ್ಲ. ಮೊಮ್ಮಗಳು ಅದನ್ನು ಅಳತೆಪಟ್ಟಿಗೆ ಒತ್ತಿ ಹಾಳೆಯೊಂದನ್ನು ಕೊಯ್ದು ನೋಡಿ, "ಅಂಗಡಿಗೆ ಹೋಗುವಾಗ ಇದನ್ನು ಕೊಡಿ ತಾತ, ಹೊಸದನ್ನು ಇದರ ಪಕ್ಕಕ್ಕಿಟ್ಟು ನೋಡುತ್ತೇನೆ" ಎಂದಳು. ಕೊಟ್ಟಿದ್ದೇನೆ.